ಹುಣಸೆಹಣ್ಣಲ್ಲಿ ತೊಳೆದ ಕಲ್ಲು

೧೭ ಮೇ ೧೯೮೬, ಶನಿವಾರ. ಬೆರ್ರಿಯೆಸಾ

ಅತ್ತೆಯ ಮೇಲೆ ಹಾಗೆ ಕೂಗಾಡಬಾರದಿತ್ತು. ಆದರೆ ಥೀಸಿಸ್‌ಗೆಂದು ಸಿಯೆರಾ ಬೆಟ್ಟದಿಂದ ಹೊತ್ತು ತಂದ ಜುರಾಸಿಕ್ ಸುಣ್ಣಕಲ್ಲು ಸಿಂಕಿನ ಪಕ್ಕ ಹಿತ್ತಾಳೆ ಚೊಂಬಿನ ಜೊತೆ ಕೂತಿದ್ದರೆ ಯಾರು ತಾನೇ ಸುಮ್ಮನಿರುತ್ತಾರೆ?

"ಮಣ್ಣು ಮೆತ್ಕೊಂಡಿತ್ತು ಕಣಮ್ಮ. ನಿನ್ನೆಯಿಂದ ಹುಣಸೆಹಣ್ಣಲ್ಲಿ ನೆನೆಸಿ ಉಜ್ಜಿದೆ," ಎಂದರು.

ಹುಳಿ ಸುಣ್ಣವನ್ನು ತಿನ್ನುತ್ತದೆ! ಅಳುತ್ತಲೇ ಲೆನ್ಸ್ ಹಿಡಿದು ನೋಡಿದೆ. ಸುಣ್ಣ ಕರಗಿದ ಕಡೆ, ಸಿಲಿಕಾ ಆಗಿ ಮಾರ್ಪಟ್ಟಿದ್ದರಿಂದ ಕರಗದೆ ಉಳಿದ ಪುಟ್ಟ ಶಂಖವೊಂದು ಸುರುಳಿ ಸಮೇತ ಎದ್ದು ನಿಂತಿದೆ! ಈ ಕಲ್ಲಿನಲ್ಲಿ ಪಳೆಯುಳಿಕೆಯೇ ಇಲ್ಲವೆಂದು ಥೀಸಿಸ್‌ನಲ್ಲಿ ಬರೆದೂ ಆಗಿತ್ತು.

ಉಳಿದ ನಾಲ್ಕು ಕಲ್ಲನ್ನೂ ತಂದು ಅತ್ತೆಯ ಮುಂದಿಟ್ಟೆ. ಅವರು ನನ್ನ ಮುಖ ನೋಡಲಿಲ್ಲ. "ನಾಳೆ ಸಾರಿಗೆ ಹುಣಸೆಹಣ್ಣು ಉಳಿಯಲ್ಲ, ನೋಡ್ಕೋ," ಎನ್ನುತ್ತಾ ದೊಡ್ಡ ಪಾತ್ರೆ ಹುಡುಕತೊಡಗಿದರು.