ಗುಬ್ಬಿ ಕಂಡ ಗೆರೆ

ಆಗಸ್ಟ್ 4, ಸೋಮವಾರ

ಬೆಳಿಗ್ಗೆ ಮತ್ತೆ ಮೂರು ರಟ್ಟು ಕತ್ತರಿಸಿದೆ — ಒಂದೇ ಸಾಲು ಕಾಣುವಷ್ಟು ಕಿಂಡಿ. ಪುಟದ ಮೇಲಿಟ್ಟು ಸರಿಸಿದರೆ ಗುಬ್ಬಿ ತಡವರಿಸದೆ ಓದುತ್ತಾಳೆ. ತೆಗೆದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವಂತೆ. ಕಣ್ಣು ಸರಿಯಿದೆ, ಕಂಡದ್ದನ್ನು ಬಿಡಿಸಿಕೊಳ್ಳುವುದೇ ಮೂರನೇ ಕ್ಲಾಸಿನ ಈ ಹುಡುಗಿಗೆ ಕಷ್ಟ. ಅವಳ ಎದುರಿನ ಗೋಡೆಯ ಚಾರ್ಟುಗಳನ್ನೆಲ್ಲ ತೆಗೆಸಿದೆ. ಹೆಡ್ ಮೇಡಂ ಮುಖ ಸಿಂಡರಿಸಿದರು. "ಒಬ್ಬಳಿಗೋಸ್ಕರ ಕ್ಲಾಸೆಲ್ಲ ಬೋಳು ಮಾಡ್ತೀರಾ?"

ಆಗಸ್ಟ್ 7

ಓದುತ್ತಿದ್ದವಳು ನಿಲ್ಲಿಸಿ ಗೋಡೆ ನೋಡಿದಳು.

"ಅಲ್ಲಿ ಗೆರೆ ಇದೆ, ಮಿಸ್."

"ಎಲ್ಲಿ? ಏನೂ ಇಲ್ವಲ್ಲ ಪುಟ್ಟಾ."

"ನಿನ್ನೆ ಕಿಟಕಿ ತನಕ ಇತ್ತು. ಇವತ್ತು ಕೆಳಗಿಳಿದಿದೆ."

ಹೋಗಿ ಕೈಯಾಡಿಸಿದೆ. ಬರೀ ಸುಣ್ಣ.

ಆಗಸ್ಟ್ 13

ಸೀಮೆಸುಣ್ಣ ಕೊಟ್ಟು ತೋರಿಸು ಎಂದೆ. ಚೌಕ ನೋಡಿ ಬರೆದರೆ ಮೂಲೆ ಕೂಡಿಸಲಾಗದ ಹುಡುಗಿ... ಕೈ ತಡೆಯದೆ ಎಳೆದಳು. ಸೂರಿನಿಂದ ಕಿಟಕಿಯ ಮೂಲೆ, ಅಲ್ಲಿಂದ ಓರೆಯಾಗಿ ನೆಲ. ಮಕ್ಕಳು ಕಿಸಕ್ಕೆಂದರು. ಹೆಡ್ ಮೇಡಂ ನಗಲಿಲ್ಲ. "ಇಲ್ಲದ್ದೆಲ್ಲ ಕಾಣೋಕೆ ಶುರುವಾಯ್ತಾ? ಬೇರೆ ಶಾಲೆ ನೋಡ್ಕೊಳ್ಳೋಕೆ ಅವಳ ಅಮ್ಮಂಗೆ ಹೇಳಿ." ತಿಂಗಳ ಕೊನೆವರೆಗೆ ತಡೆಯಿರಿ ಎಂದು ಅಂಗಲಾಚಿದೆ. ಗಾರೆ ಮೇಸ್ತ್ರಿ ಬಂದು ತಟ್ಟಿ ನೋಡಿದ. "ಗಟ್ಟಿಯಾಗಿದೆ ಬಿಡಿ ಮೇಡಂ."

ಗೆರೆ ನಾನೇ ಒರೆಸಿದೆ.

ಆಗಸ್ಟ್ 18, ಬೆಳಿಗ್ಗೆ 8.20

ಗೆರೆ ಇದೆ. ಸೀಮೆಸುಣ್ಣದ್ದಲ್ಲ — ಬಿರುಕು. ಅವಳು ಎಳೆದ ಜಾಗದಲ್ಲೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಯಾರನ್ನೂ ಕೇಳದೆ ಮಕ್ಕಳನ್ನೆಲ್ಲ ಅಂಗಳದಲ್ಲಿ ಕೂರಿಸಿದೆ.

ಅದೇ ದಿನ, 11.40

ಬಿತ್ತು. ಇಡೀ ಗೋಡೆ. ಯಾರಿಗೂ ಏನೂ ಆಗಲಿಲ್ಲ. "ಇವಳು ಇಲ್ಲೇ ಓದ್ಲಿ" ಎಂದರು ಹೆಡ್ ಮೇಡಂ, ದೂರದಿಂದಲೇ. ಅವಳ ಪಕ್ಕ ಕೂರಲು ಯಾವ ಮಗುವೂ ಒಪ್ಪಲಿಲ್ಲ. ನಾನು ಕೂತೆ.

ಆಗಸ್ಟ್ 29

ಹೊಸ ಕೋಣೆ. ಗುಬ್ಬಿ ಇವತ್ತು ಕಿಂಡಿ ಇಲ್ಲದೆ ಎರಡು ಸಾಲು ಓದಿದಳು! ಮಕ್ಕಳೂ ಸ್ವಲ್ಪ ಹತ್ತಿರವಾಗಿದ್ದಾರೆ. ಆ ಖುಷಿಯಲ್ಲೇ ಕೇಳಿಬಿಟ್ಟೆ, "ಈ ಗೋಡೇಲಿ ಏನೂ ಇಲ್ಲ ತಾನೇ?"

"ಇಲ್ಲ ಮಿಸ್."

ಹೋದ ಜೀವ ಬಂದಂತಾಯಿತು. ಅವಳು ಮಾತ್ರ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

"ಏನೇ, ಹಾಗೆ ನೋಡ್ತೀಯ?"

"ನಿಮ್ಮ ಹಣೇಲಿದೆ."

ಸೆಪ್ಟೆಂಬರ್ 2

ನಿನ್ನೆ ರಜೆ ಹಾಕಿ ಸ್ಕ್ಯಾನ್ ಮಾಡಿಸಿದೆ. ಯಾಕೆ ಬಂದಿರಿ ಎಂದರು ಡಾಕ್ಟರು. ಏನು ಹೇಳಲಿ? ತಲೆನೋವು ಎಂದೆ. ಎಲ್ಲ ಸರಿಯಿದೆಯಂತೆ. ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಈಗಷ್ಟೇ ಗುಬ್ಬಿಗೂ ಹೇಳಿದೆ — "ನೋಡು, ನಂಗೇನೂ ಆಗಿಲ್ಲ." ಅಳುತ್ತಿದ್ದಾಳೆ, ಸದ್ದಿಲ್ಲದೆ. ಎದ್ದು, ನನ್ನ ಮೇಜಿನ ಸುತ್ತ ಕೂತ ಮಕ್ಕಳನ್ನು ಒಬ್ಬೊಬ್ಬರನ್ನೇ ಕೈ ಹಿಡಿದು ದೂರ ಕರೆದೊಯ್ಯುತ್ತಿದ್ದಾಳೆ. ನನ್ನ ಹಣೆ—