ರಾಧಿಕಾಳ ಯುಕುಲೇಲಿಗೆ ಬಿರಡೆ

ದತ್ತು,

ನಿನ್ನ ಅಣ್ಣನನ್ನು ಮಣ್ಣು ಮಾಡಿದ ಮೇಲೆ ಇವತ್ತೇ ಮೊದಲು ರೊಟ್ಟಿ ಬಡಿದಿದ್ದೇನೆ. ತಿನ್ನು.

ಅವರು ಮಗಳಿಗಾಗಿ ಮಾಡುತ್ತಿದ್ದ ಯುಕುಲೇಲಿಗೆ ತಂತಿ ಬಿಗಿಯುವ ಬಿರಡೆ ಕೂಡಿಸುವುದಷ್ಟೇ ಉಳಿದಿದೆ. ಹಲ್ಲುಚಕ್ರದ ಗೇರ್ ಇರುವ ಬಿರಡೆ ಬೇಡ, "ಭಾಳ ಭಾರ, ಕೂಸಿನ ಕೈ ನೋಯ್ತದ" ಅನ್ನುತ್ತಿದ್ದರು. ಕರಿಯ ಸಾದಾ ಬಿರಡೆಗಳನ್ನೇ ಹಾಕು. ಶಹಾಬಾದಿನಿಂದ ಅವನ್ನು ತರುವಾಗಲೇ ಅವರನ್ನು ಕೊಚ್ಚಿದ್ದು. ಎರಡು ಬೆರಳು ತುಂಡಾದರೂ ಮುಷ್ಟಿ ಬಿಟ್ಟಿರಲಿಲ್ಲ. ರಕ್ತ ತೊಳೆದಿದ್ದೇನೆ; ತಿರುಪಿನ ಸಂದಿಯಲ್ಲಿ ಉಳಿದಿದ್ದರೆ ನೀನೇ ಒರೆಸು. ರಾಧಿಕಾ ಶಾಲೆಯಿಂದ ಬರುವಷ್ಟರಲ್ಲಿ ನಾಲ್ಕೂ ತಂತಿ ಬಿಗಿದಿರಲಿ.

"ಕೊಂದವ್ನ ಕುತಿಗಿ ಕಡೀತೀನಿ ವೈನಿ" ಅಂದಿದ್ದೆಯಲ್ಲ, ಅದಕ್ಕೆಂದು ನಿನ್ನ ಹಾಸಿಗೆಯಡಿ ಬಚ್ಚಿಟ್ಟಿದ್ದ ಕೊಡಲಿ ಹುಡುಕಬೇಡ. ಅದು ನಮ್ಮದಲ್ಲ. ಯುಕುಲೇಲಿಯ ಕಟ್ಟಿಗೆ ಸೀಳಲು ಅವರು ಚಿಮ್ಮನಚೋಡದ ಸೂಗಮ್ಮ ಅತ್ತೆಯಿಂದ ಕೇಳಿ ತಂದದ್ದು. ನಿನ್ನ ಅಣ್ಣನ ಲುಂಗಿಯಲ್ಲಿ ಸುತ್ತಿಕೊಂಡು ಹೊರಟಿದ್ದೇನೆ, ಅತ್ತೆಯ ಕೈಗೇ ಕೊಟ್ಟು ಬರುತ್ತೇನೆ.

ವೈನಿ