ಸೂರ್ಯಕಾಂತಿ ಹೊಲದ ಬೆರ್ಚಪ್ಪ

ಉಡಿಗಾಲ

ಮಲ್ಲೇಶಣ್ಣೋರಿಗೆ, ನಿಮ್ಮ ಹೊಲದ ಕೆಲಸದ ಭಾನು ಮಾಡುವ ನಮಸ್ಕಾರ.

ಇವತ್ತು ಮೈಸೂರಿಂದ ಬಂದವರೇ ಎಲ್ಲರ ಮುಂದೆ ನನ್ನ ಬೈದ್ರಿ. "ತೀರಿಕೊಂಡ ನಮ್ಮಪ್ಪನ್ನ ಅಣಕಿಸ್ತೀಯಾ? ನಾಳೆಯೊಳಗೆ ಆ ಬೆರ್ಚಪ್ಪನ್ನ ಸುಡು, ಇಲ್ಲಾಂದ್ರೆ ಕೆಲಸಕ್ಕೆ ಬರಬೇಡ" ಅಂದ್ರಿ.

ಅಣಕ ಅಲ್ಲ ಕಣಣ್ಣ. ಗಿಳಿ ಕಾಟಕ್ಕೆ ಬೆರ್ಚಪ್ಪ ನಿಲ್ಸು ಅಂತ ಫೋನಲ್ಲಿ ಹೇಳಿದವರು ನೀವೇ. ನಿಮ್ಮ ಅಪ್ಪಾಜಿಯವರ ಹಳೇ ಅಂಗಿ ಕೊಟ್ಟವರು ನಿಮ್ಮವ್ವ. ಅದಕ್ಕೆ ಹುಲ್ಲು ತುಂಬ್ತಾ ಇದ್ದಾಗ ಅಪ್ಪಾಜಿಯವರು ಹೊಲದ ಬದುವಿನ ಮೇಲೆ ನಿಲ್ತಿದ್ದ ರೀತಿ ನೆನಪಾಯ್ತು. ಎಡಭುಜ ಒಸಿ ತಗ್ಗಿಸ್ದೆ, ಕೈ ಹಿಂದಕ್ಕೆ ಕಟ್ದೆ, ಕತ್ತು ಮುಂದಕ್ಕೆ ಬಾಗಿಸಿಬುಟ್ಟೆ. ದೂರ ಹೋಗಿ ತಿರುಗಿ ನೋಡಿದ್ರೆ ಅಪ್ಪಾಜಿಯವರೇ ನಿಂತಂಗಿತ್ತು. ಕಳೆ ಕಿತ್ತು, ಮುದ್ದೆ ತಿರುವಿಕೊಂಡಿದ್ದ ಈ ಕೈಗೆ ಇಂಥದ್ದೂ ಬರ್ತದಾ ಅಂತ ಅವತ್ತು ರಾತ್ರಿ ಕೈಯನ್ನೇ ನೋಡ್ಕೊಂಡು ಕೂತಿದ್ದೆ.

ಅದನ್ನ ನಾನು ಸುಡಲ್ಲ. ಕೆಲಸ ಹೋದ್ರೆ ಹೋಗ್ಲಿ. ಸುಡಲೇಬೇಕು ಅಂದ್ರೆ ನೀವೇ ಬಂದು ಸುಡಿ. ಸಂಜೆ ಹೊತ್ತು ಮಾತ್ರ ಬೇಡ, ಆಗ ನಿಮ್ಮವ್ವ ಅದರ ಹತ್ರ ಕೂತು ಮಾತಾಡ್ತಿರ್ತಾರೆ.

ಬೆಂಕಿಪೊಟ್ಟಣ ನಿಮ್ಮ ಜೇಬಲ್ಲೇ ಇರ್ತದೆ, ನನಗೆ ಗೊತ್ತು. ಇವತ್ತು ನೀವು ಸಿಗರೇಟು ಸೇದ್ಕೊಂಡೇ ಹೊಲಕ್ಕೆ ಇಳಿದ್ರಿ. ಬೈಯೋಕೆ ಶುರು ಮಾಡಿದ್ದು ಆಮೇಲೆ. ಬೆರ್ಚಪ್ಪನ್ನ ಕಂಡವರೇ ಮೊದಲು ಸಿಗರೇಟನ್ನ ಬೆನ್ನ ಹಿಂದೆ ಬಚ್ಚಿಟ್ಕೊಂಡ್ರಿ.

ಇಂತಿ,
ಭಾನು